ವಿಮ್‌ನಲ್ಲಿ ಬಹುಸಾಲಿನ ಸ್ಟ್ರಿಂಗ್ ಬಣ್ಣ ತಲೆಕೆಳಗಾದಾಗ

ವಿಮ್ ಎಂಬ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದ ಪೈಥಾನ್ ಫೈಲ್. ದೊಡ್ಡಕ್ಷರದ ಜಿ ಒತ್ತಿ ಕೊನೆಗೆ ಹಾರಿದರೆ ಕೋಡ್‌ಗೆಲ್ಲ ಸ್ಟ್ರಿಂಗ್‌ನ ಬಣ್ಣ, ಸ್ಟ್ರಿಂಗ್‌ಗೆ ಕೋಡ್‌ನ ಬಣ್ಣ. ಮೇಲಿನಿಂದ ನಿಧಾನವಾಗಿ ಸ್ಕ್ರೋಲ್ ಮಾಡುತ್ತಾ ಬಂದರೆ ಎಲ್ಲ ಸರಿ!

ತೆರೆಯನ್ನು ಮತ್ತೆ ಬಿಡಿಸುವ ಕಂಟ್ರೋಲ್-ಎಲ್ ಒತ್ತಿದೆ, ಆಗಲಿಲ್ಲ. ಕಲರ್‌ಸ್ಕೀಮ್ ಬದಲಿಸಿದ್ದು ಸುಮ್ನೆ ದಂಡ. ಒಂದು ಸಾಲಿನಲ್ಲಿ ಎಲ್ಲಿಯವರೆಗೆ ಬಣ್ಣ ಹಚ್ಚಬೇಕು ಎನ್ನುವ ಸಿನ್‌ಮ್ಯಾಕ್ಸ್‌ಕಾಲ್ ಸೆಟ್ಟಿಂಗ್ ಜಾಸ್ತಿ ಮಾಡಿದೆ. ಅದು ಉದ್ದದ ಸಾಲುಗಳಿಗೆ ಮಾತ್ರ.

ವಿಮ್ ಪ್ರತಿ ಸಲ ಫೈಲನ್ನು ಮೊದಲಿಂದ ಓದುವುದಿಲ್ಲ. ತೆರೆಯಲ್ಲಿ ಕಾಣುವ ಜಾಗದಿಂದ ಸ್ವಲ್ಪ ಹಿಂದೆ ಹೋಗಿ, ಗುರುತು ಸಿಕ್ಕಲ್ಲಿಂದ ಬಣ್ಣ ಹಚ್ಚುತ್ತದೆ. ಪೈಥಾನ್‌ಗೆ ಆ ಗುರುತು, ಸಾಲಿನ ಆರಂಭದಲ್ಲೇ ಇರುವ 'ಡೆಫ್' ಅಥವಾ 'ಕ್ಲಾಸ್'. ನನ್ನ ಮೂರು ಕೋಟ್‌ಗಳ ಸ್ಟ್ರಿಂಗ್ ಒಳಗೆ ಉದಾಹರಣೆಗೆಂದು ಹಾಕಿದ್ದ ಕೋಡ್ ಕೂಡ ಹಾಗೇ ಶುರುವಾಗುತ್ತಿತ್ತು. ವಿಮ್ ಅದನ್ನೇ ನಿಜವೆಂದು ನಂಬಿತು. ಮುಂದೆ ಸಿಕ್ಕ ಮುಚ್ಚುವ ಕೋಟ್ ಅದಕ್ಕೆ ತೆರೆಯುವ ಕೋಟ್ ಆಯಿತು.

ಮೊದಲು ಕಮಾಂಡ್ ಸಾಲಿನಲ್ಲಿ 'ಸಿಂಟ್ಯಾಕ್ಸ್ ಸಿಂಕ್ ಫ್ರಮ್‌ಸ್ಟಾರ್ಟ್' ಕೊಟ್ಟು ನೋಡಿ. ಫ್ರಮ್‌ಸ್ಟಾರ್ಟ್ ಒಂದೇ ಪದ. ಬಣ್ಣ ಸರಿಯಾದರೆ ರೋಗ ಇದೇ. ಇದನ್ನು ವಿಮ್‌ಆರ್‌ಸಿಯಲ್ಲಿ (ವಿಮ್‌ನ ಸೆಟ್ಟಿಂಗ್ ಫೈಲ್) ಹಾಗೇ ಬರೆದರೆ ನಿಲ್ಲುವುದಿಲ್ಲ, ಈ ಸೆಟ್ಟಿಂಗ್ ಬಫರ್‌ಗೆ, ಅಂದರೆ ಆಗ ತೆರೆದಿರುವ ಫೈಲಿಗೆ ಸೀಮಿತ. ನಾನು ಎಡವಿದ್ದು ಇಲ್ಲೇ. ಹೋಮ್‌ನ ಡಾಟ್-ವಿಮ್ ಫೋಲ್ಡರ್‌ನಲ್ಲಿ 'ಆಫ್ಟರ್', ಅದರೊಳಗೆ 'ಸಿಂಟ್ಯಾಕ್ಸ್', ಅದರೊಳಗೆ 'ಪೈಥಾನ್ ಡಾಟ್ ವಿಮ್' ಎಂಬ ಫೈಲ್ ಮಾಡಿ, ಮೇಲಿನ ಅದೊಂದೇ ಸಾಲು ಬರೆದು ಸೇವ್ ಮಾಡಿ. ವಿಮ್ ಮುಚ್ಚಿ ತೆರೆಯಿರಿ.

ಫೈಲ್ ತುಂಬಾ ದೊಡ್ಡದಾಗಿ ನಿಧಾನವಾದರೆ ಫ್ರಮ್‌ಸ್ಟಾರ್ಟ್ ಬದಲು 'ಮಿನ್‌ಲೈನ್ಸ್=2000' ಸಾಕು. ಬಣ್ಣ ಪೂರ್ತಿ ಹೋದರೆ ಮಾತ್ರ ರಿಡ್ರಾಟೈಮ್ ಅನ್ನು (ಬಣ್ಣ ಹಚ್ಚಲು ವಿಮ್ ಕೊಡುವ ಸಮಯದ ಮಿತಿ, ಮಿಲಿಸೆಕೆಂಡ್‌ಗಳಲ್ಲಿ) 2000ದಿಂದ 10000ಕ್ಕೆ ಏರಿಸಿ.