ತೋಕಾಮಾಚಿಯಲ್ಲಿ ಮನೆ ಮಾಡಿದ ಮೊದಲ ಚಳಿಗಾಲ

ಬಾಡಿಗೆ ಪತ್ರಕ್ಕೆ ಮೊಹರು ಒತ್ತುವ ಮೊದಲು ಮನೆಯ ಯಜಮಾನರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ಹಿಮ ತೆಗೆದು ಅಭ್ಯಾಸ ಇದೆಯಾ?" ನಾನು ತೀರ್ಥಹಳ್ಳಿ ಕಡೆಯವನು. "ಮಳೆ ಅಭ್ಯಾಸ ಇದೆ" ಅಂದೆ. ಅವರು ಜೋರಾಗಿ ನಕ್ಕು ಮೊಹರು ಒತ್ತಿದರು.

ತೋಕಾಮಾಚಿ ಇರುವುದು ಜಪಾನಿನ ನಿಗಾತ ಪ್ರಾಂತ್ಯದಲ್ಲಿ, ಶಿನಾನೊ ನದಿಯ ದಂಡೆಯ ಮೇಲೆ. ಟೋಕಿಯೊದಿಂದ ಶಿಂಕಾನ್‌ಸೆನ್ ಬುಲೆಟ್ ರೈಲು ಹತ್ತಿ, ಎಚಿಗೊ-ಯುಜಾವದಲ್ಲಿ ಸಣ್ಣ ರೈಲಿಗೆ ಬದಲಾಯಿಸಿದರೆ ಒಟ್ಟು ಎರಡು ಗಂಟೆಯ ಹಾದಿ. 2005ರಲ್ಲಿ ಸುತ್ತಲಿನ ಊರುಗಳನ್ನೆಲ್ಲ ಸೇರಿಸಿ ದೊಡ್ಡ ನಗರಸಭೆ ಮಾಡಿದ್ದಾರೆ, ಹಾಗಾಗಿ ಕಾಗದದ ಮೇಲೆ ಇದು 'ನಗರ'. ಆದರೆ ನಾನಿರುವ ಕೇರಿಯಲ್ಲಿ ಹನ್ನೊಂದು ಮನೆ, ಅದರಲ್ಲಿ ಮೂರು ಖಾಲಿ. ಕೆಲಸ ಟೋಕಿಯೊ ಕಂಪನಿಯದು, ಮಾಡುವುದು ಮನೆಯಿಂದ. ಟೋಕಿಯೊದ ಒಂದು ಕೋಣೆಯ ಬಾಡಿಗೆ ಕೊಟ್ಟು ಸಾಕಾಗಿತ್ತು. ನಗರಸಭೆಯವರೇ ಖಾಲಿ ಮನೆಗಳ ಪಟ್ಟಿ ಇಟ್ಟಿರುತ್ತಾರೆ, 'ಅಕಿಯಾ ಬ್ಯಾಂಕ್' ಅಂತ. ಅಲ್ಲಿ ಸಿಕ್ಕಿದ್ದು ಈ ಮನೆ.

ಕಾಗದಪತ್ರಕ್ಕೆ ನಾನು ಹೆದರಿದ್ದೆ. ಅದು ಸುಮ್ನೆ ಹೆದರಿದ್ದು. ಬಂದ 14 ದಿನದೊಳಗೆ ನಗರಸಭೆಗೆ ಹೋಗಿ ಹೊಸ ವಿಳಾಸ ಬರೆಸಬೇಕು. ರೆಸಿಡೆನ್ಸ್ ಕಾರ್ಡ್ ಹಿಂದೆಯೇ ಹೊಸ ವಿಳಾಸ ಅಚ್ಚು ಹಾಕಿ ಕೊಡುತ್ತಾರೆ. ಅರ್ಧ ದಿನದಲ್ಲಿ ಎಲ್ಲ ಮುಗಿಯಿತು. ಕಾರಿಲ್ಲದೆ ಇಲ್ಲಿ ಬದುಕಲು ಆಗಲ್ಲ, ಅದಕ್ಕೆ 660 ಸಿಸಿಯ ಹಳೇ 'ಕೇ ಕಾರ್' ಅನ್ನುವ ಪುಟ್ಟ ಕಾರು ಕೊಂಡೆ, ಹಳದಿ ನಂಬರ್ ಪ್ಲೇಟ್‌ನದು. ನಮ್ಮ ಹಾಗೇ ಎಡಗಡೆ ಓಡಿಸುವ ದೇಶ. ಅದೊಂದು ಪುಣ್ಯ. ಭಾರತದ ಲೈಸೆನ್ಸನ್ನು ಜಪಾನಿನದಕ್ಕೆ ಬದಲಾಯಿಸಲು ಬರವಣಿಗೆ ಪರೀಕ್ಷೆ, ಟ್ರ್ಯಾಕ್ ಪರೀಕ್ಷೆ ಎರಡೂ ಇವೆ. ಟ್ರ್ಯಾಕ್‌ನಲ್ಲಿ ಮೊದಲ ಸಲ ಫೇಲಾದೆ. ತಿರುಗುವಾಗ ಕತ್ತು ತಿರುಗಿಸಿ ಹಿಂದೆ ನೋಡಿದ್ದು ಅವರಿಗೆ ಕಾಣುವಷ್ಟು ಇರಲಿಲ್ಲವಂತೆ. ಎರಡನೇ ಸಲ ಯಕ್ಷಗಾನದವರ ಹಾಗೆ ಕತ್ತು ಹೊರಳಿಸಿದೆ, ಪಾಸಾದೆ.

ಭಾಷೆಗೂ ಅಷ್ಟು ಕಷ್ಟಪಡಲಿಲ್ಲ. ಕನ್ನಡದವರಿಗೆ ಇದೊಂದು ಗುಟ್ಟಿನ ಲಾಭ. ಇಂಗ್ಲಿಷ್ ಮೂಲಕ ಕಲಿತರೆ ಜಪಾನಿ ತಲೆಕೆಳಗು, ಕನ್ನಡದಿಂದ ಕಲಿತರೆ ನೆಟ್ಟಗಿದೆ. 'ತಾಬೆತೆ ಮಿರು' ಅಂದರೆ ಪದಕ್ಕೆ ಪದ 'ತಿಂದು ನೋಡು'. 'ತಾಬೆತೆ ಶಿಮತ್ತ' ಅಂದರೆ 'ತಿಂದುಬಿಟ್ಟೆ'. ನಾವು 'ಅಂತ' ಹಾಕುವ ಕಡೆ ಅವರು 'ತೊ' ಹಾಕುತ್ತಾರೆ, 'ಅಲ್ವಾ' ಅನ್ನುವ ಕಡೆ 'ನೆ'. ಇಂಗ್ಲಿಷ್ ಪದದ ಬಾಲಕ್ಕೆ ನಾವು 'ಉ' ಅಂಟಿಸಿ ಬಸ್ಸು, ಸೂಪು, ಗ್ಲಾಸು ಮಾಡುತ್ತೇವಲ್ಲ, ಅವರೂ ಬಸು, ಸೂಪು, ಗುರಾಸು ಅನ್ನುತ್ತಾರೆ. ತೊಡಕಾಗಿದ್ದು ಅಜ್ಜ ಅಜ್ಜಿಯರ ಮಾತು. ನಾನು ಕಲಿತದ್ದು ಟೋಕಿಯೊ ಜಪಾನಿ. ಪಕ್ಕದ ಮನೆ ಅಜ್ಜಿ ಉಪ್ಪಿನಕಾಯಿ ತಟ್ಟೆ ಮುಂದಿಟ್ಟು 'ನಜೊಮೊ, ನಜೊಮೊ' ಅಂದಾಗ ಅದು ತಿಂಡಿಯ ಹೆಸರು ಅಂದುಕೊಂಡಿದ್ದೆ. 'ಸಂಕೋಚ ಬೇಡ, ತಗೊಳ್ಳಿ' ಅಂತ ಅರ್ಥ.

ನವೆಂಬರ್ ಬಂತು. ಊರಿಗೆ ಊರೇ ಹಲಗೆ ಹೊರಲು ಶುರುಮಾಡಿತು. ಕಿಟಕಿಗಳಿಗೆ ಹೊರಗಿನಿಂದ ಅಡ್ಡ ಹಲಗೆ, ಗಿಡಗಳಿಗೆ ಗೂಟ, ಹಗ್ಗ. ಇದಕ್ಕೆ 'ಯುಕಿಗಾಕೋಯಿ' ಅನ್ನುತ್ತಾರೆ. ನನಗೆ ಮೇ ತಿಂಗಳ ಕೊನೆಗೆ ಅಪ್ಪ ಜಗುಲಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದದ್ದು ನೆನಪಾಯಿತು. ಲೆಕ್ಕವೂ ಒಂದೇ. ಅಲ್ಲಿ ಅರಬ್ಬಿ ಸಮುದ್ರದ ಮೋಡ ಘಟ್ಟಕ್ಕೆ ಬಡಿದು ಆಗುಂಬೆಯಲ್ಲಿ ಸುರಿದರೆ ಚಿತ್ರದುರ್ಗ ಒಣಗಿರುತ್ತದೆ. ಇಲ್ಲಿ ಸೈಬೀರಿಯಾದ ಗಾಳಿ ಜಪಾನ್ ಸಮುದ್ರದ ನೀರು ಹೀರಿಕೊಂಡು ಬಂದು ಈ ಬೆಟ್ಟಗಳಿಗೆ ಬಡಿಯುತ್ತದೆ. ಬೆಟ್ಟದ ಆಚೆ ಗುನ್ಮದಲ್ಲಿ ನೀಲಿ ಆಕಾಶ, ಒಣ ಗಾಳಿ. ರೈಲು ಸುರಂಗ ದಾಟಿ ಈಚೆ ಬಂದರೆ ಬಿಳಿ ಗೋಡೆ. ಅಂದರೆ ನಾನು ಒಂದು ಆಗುಂಬೆಯಿಂದ ಇನ್ನೊಂದು ಆಗುಂಬೆಗೆ ಬಂದಿದ್ದೆ.

ವ್ಯತ್ಯಾಸ ಏನೆಂದರೆ, ಮಳೆ ಹರಿದುಹೋಗುತ್ತದೆ. ಹಿಮ ಹೋಗಲ್ಲ. ನೀವೇ ಸಾಗಿಸಬೇಕು.

ಬೆಳಗಿನ ಜಾವ ಮೂರಕ್ಕೆ ಹಿಮ ತಳ್ಳುವ ಗಾಡಿ ಬರುತ್ತದೆ. ರಸ್ತೆ ಸ್ವಚ್ಛ ಮಾಡುತ್ತದೆ, ನಿಮ್ಮ ಬಾಗಿಲ ಮುಂದೆ ಮಾತ್ರ ಗಟ್ಟಿ ಹಿಮದ ಸಣ್ಣ ಗೋಡೆ ಕಟ್ಟಿ ಹೋಗುತ್ತದೆ. ಆರು ಗಂಟೆಗೆ ಎದ್ದು ಅದನ್ನು ಒಡೆದರೆ ಸಂಜೆಗೆ ಮತ್ತೆ ಅಷ್ಟೇ ಬಿದ್ದಿರುತ್ತದೆ. ಇಲ್ಲಿನವರು ಹಿಮ 'ಗುಡಿಸುವುದು' ಅನ್ನಲ್ಲ, 'ಯುಕಿಹೋರಿ' ಅನ್ನುತ್ತಾರೆ, ಅಂದರೆ ಹಿಮ 'ಅಗೆಯುವುದು'. ಎರಡು ಮೀಟರ್ ದಾಟಿದ ಮೇಲೆ ಆ ಮಾತಿನ ಅರ್ಥ ಗೊತ್ತಾಯಿತು. ಪೇಟೆಯ ಕೆಲವು ರಸ್ತೆಗಳಲ್ಲಿ ನಡುವೆ ಪೈಪ್ ಹಾಕಿ ಅಂತರ್ಜಲ ಚಿಮ್ಮಿಸಿ ಹಿಮ ಕರಗಿಸುತ್ತಾರೆ. ನೀರಿನ ಕಬ್ಬಿಣದಂಶದಿಂದ ರಸ್ತೆಯೇ ತುಕ್ಕಿನ ಬಣ್ಣ. ನಮ್ಮ ಕೇರಿಯಲ್ಲಿ ಅದಿಲ್ಲ. ರಸ್ತೆ ಬದಿಯಲ್ಲಿ ನೀರು ಹರಿಯುವ ಚರಂಡಿ ಇದೆ, ಮುಚ್ಚಳ ತೆಗೆದು ಹಿಮ ಅದಕ್ಕೆ ಹಾಕಬೇಕು.

ನಾನು ಎಡವಿದ್ದು ಅಲ್ಲೇ. ಆ ಚರಂಡಿಗೆ ಪಾಳಿ ಇದೆ. ಯಾವ ಕೇರಿ ಎಷ್ಟು ಹೊತ್ತಿಗೆ ಹಾಕಬೇಕು ಅಂತ ವೇಳಾಪಟ್ಟಿ. ಮನೆಯಿಂದ ಮನೆಗೆ ತಿರುಗುವ 'ಕೈರಾನ್‌ಬಾನ್' ಎಂಬ ಸುತ್ತೋಲೆ ಹಲಗೆಯಲ್ಲಿ ಅದು ಬಂದಿತ್ತು. ನಾನು ಓದದೆ ಮೊಹರು ಒತ್ತಿ ಮುಂದಿನ ಮನೆಗೆ ದಾಟಿಸಿದ್ದೆ. ಒಂದು ಭಾನುವಾರ ಬೆಳಿಗ್ಗೆ ಮೀಟಿಂಗ್ ಇಲ್ಲ ಅಂತ ಉತ್ಸಾಹದಿಂದ ಒಂದೇ ಸಮ ತುಂಬಿಸಿದೆ. ನೀರು ಕಡಿಮೆ ಇದ್ದ ಹೊತ್ತು, ಚರಂಡಿ ಕಟ್ಟಿಕೊಂಡಿತು. ಕೆಳಗಿನ ಎರಡು ಮನೆಗಳ ಅಂಗಳದಲ್ಲಿ ಮೊಣಕಾಲುದ್ದ ಹಿಮನೀರು.

ಯಾರೂ ಬೈಯಲಿಲ್ಲ. ಐದು ಜನ ಮುದುಕರು ಸಲಿಕೆ ಹಿಡಿದು ಬಂದು, ಒಂದು ಗಂಟೆ ಮಾತಿಲ್ಲದೆ ಕೆಲಸ ಮಾಡಿ ಹೋದರು. ಬೈದಿದ್ದರೇ ಚೆನ್ನಾಗಿತ್ತು. ಸಂಜೆ ಸಿಹಿತಿಂಡಿ ಡಬ್ಬಿ ಹಿಡಿದು ಮನೆ ಮನೆಗೆ ಹೋಗಿ ಬಗ್ಗಿ ಕ್ಷಮೆ ಕೇಳಿದೆ. ಮರುದಿನ ಅದರಲ್ಲೊಬ್ಬರು ಬಂದು ಸ್ನೋ ಡಂಪ್ ಹೇಗೆ ಹಿಡಿಯಬೇಕು ಅಂತ ತೋರಿಸಿದರು. ಅದು ತೊಟ್ಟಿಲ ಆಕಾರದ ದೊಡ್ಡ ತಳ್ಳುಸಲಿಕೆ. ಎತ್ತಬಾರದು, ಜಾರಿಸಬೇಕು. ಸೂರಿನ ಮೇಲೆ ಒಬ್ಬನೇ ಹತ್ತಬೇಡ, ಹಗ್ಗ ಕಟ್ಟಿಕೊ, ಕೆಳಗೆ ಒಬ್ಬರು ಇರಲೇಬೇಕು ಅಂತ ಮೂರು ಸಲ ಹೇಳಿದರು. ಹಿಮ ಇಳಿಸುವಾಗ ಸೂರಿನಿಂದ ಬಿದ್ದು ಪ್ರತಿ ಚಳಿಗಾಲ ಜನ ಸಾಯುತ್ತಾರೆ.

ಊಟದ ವಿಷಯ. ನಾನು ಸಸ್ಯಾಹಾರಿ, ಇಲ್ಲಿ ಸಾರಿನಲ್ಲೆಲ್ಲ ಒಣ ಮೀನಿನ ರಸ. ಊರಿನ ಹೆಸರಾಂತ ತಿಂಡಿ ಹೆಗಿಸೋಬ, 'ಫುನೋರಿ' ಅನ್ನುವ ಕಡಲ ಪಾಚಿ ಕಲಸಿದ ಶ್ಯಾವಿಗೆ. ಶ್ಯಾವಿಗೆ ತಿನ್ನಬಹುದು, ಅದ್ದಿಕೊಳ್ಳುವ ಸಾರಿನಲ್ಲಿ ಮೀನು. ಉಪ್ಪು ಹಾಕಿಕೊಂಡು ತಿಂದೆ, ಅಂಗಡಿಯವರಿಗೆ ಪಾಪ ಅನ್ನಿಸಿರಬೇಕು. ಅಕ್ಕಿ ಮಾತ್ರ ಕೋಶಿಹಿಕಾರಿ ಅನ್ನುವ ತಳಿ. ಅಂಟು ಜಾಸ್ತಿ, ಚಿತ್ರಾನ್ನಕ್ಕೆ ಬರಲ್ಲ, ಮೊಸರನ್ನಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ. ಇಡ್ಲಿ ಹಿಟ್ಟು ಜನವರಿಯಲ್ಲಿ ಎರಡು ದಿನವಾದರೂ ಹುಳಿ ಬರಲಿಲ್ಲ. ಕೊನೆಗೆ ಕಾಲು ಬೆಚ್ಚಗಿಡುವ ಕೊತಾತ್ಸು ಮೇಜಿನಡಿ ಪಾತ್ರೆ ಇಟ್ಟೆ. ಬೆಳಿಗ್ಗೆ ಉಕ್ಕಿ ಹರಿದಿತ್ತು, ಹೊದಿಕೆ ಹಾಳು.

ಬಾಗಿಲಿಗೆ ತರಕಾರಿ ಬಂದು ಬೀಳುತ್ತದೆ, ಮೂಲಂಗಿ, ಎಲೆಕೋಸು, ಹೆಸರಿಲ್ಲದೆ. ಮೊದಮೊದಲು ನಾನು ಅದೇ ದಿನ ಎರಡು ಪಟ್ಟು ವಾಪಸ್ ಕೊಡುತ್ತಿದ್ದೆ. ಮರುದಿನ ಅದರ ಎರಡು ಪಟ್ಟು ಬರುತ್ತಿತ್ತು. ಇದು ನಿಲ್ಲಲ್ಲ ಅಂತ ಗೊತ್ತಾಗಿ, ವಾರ ಬಿಟ್ಟು ಸ್ವಲ್ಪವೇ ಕೊಡುವುದನ್ನು ಕಲಿತೆ. ಗೆದ್ದದ್ದು ಶೇಂಗಾ ಚಟ್ನಿಪುಡಿ. ಅವರು ಬಿಸಿ ಅನ್ನದ ಮೇಲೆ ಫುರಿಕಾಕೆ ಪುಡಿ ಉದುರಿಸಿಕೊಳ್ಳುತ್ತಾರಲ್ಲ, ಹಾಗೇ ಉದುರಿಸಿಕೊಂಡರು. ಈಗ ಖಾಲಿ ಬಾಟಲಿ ತೊಳೆದು ಬಾಗಿಲಲ್ಲಿ ಇಟ್ಟು ಹೋಗುತ್ತಾರೆ.

ಇನ್ನೊಂದು ವಿಚಿತ್ರ ಇದೆ. ಈ ಊರಿನ ಕೆಲವು ಹಿರಿಯರಿಗೆ ಇಂಡಿಯಾ ಅಂದರೆ ಬಿಹಾರದ ಮಿಥಿಲಾ ಚಿತ್ರ. 1982ರಲ್ಲಿ ಇಲ್ಲಿನ ಗುಡ್ಡದ ಮೇಲೆ ಮುಚ್ಚಿದ ಪ್ರಾಥಮಿಕ ಶಾಲೆಯೊಂದರಲ್ಲಿ ಮಿಥಿಲಾ ಮ್ಯೂಸಿಯಂ ತೆರೆದಿದ್ದಾರೆ, ಬಿಹಾರದ ಕಲಾವಿದೆಯರು ಬಂದು ಇಲ್ಲೇ ಉಳಿದು ಚಿತ್ರ ಬರೆದಿದ್ದಾರೆ. ಪಕ್ಕದ ಅಜ್ಜಿ ಮೊದಲ ದಿನವೇ "ನಿನಗೂ ಬರೆಯಲು ಬರುತ್ತಾ?" ಅಂದಿದ್ದರು. ಬರಲ್ಲ ಅಂದಾಗ ಅವರ ಮುಖ ಸಣ್ಣದಾಯಿತು.

ಏಪ್ರಿಲ್ ಕೊನೆಗೆ ಹಿಮ ಕರಗಿ ಮಣ್ಣು ಕಂಡಿತು. ಒಂದು ಬೆಳಿಗ್ಗೆ ಬಾಗಿಲಲ್ಲಿ ಪತ್ರಿಕೆಯಲ್ಲಿ ಸುತ್ತಿದ ಪೊಟ್ಟಣ. ಬಿಚ್ಚಿದರೆ ಸುರುಳಿ ಸುತ್ತಿದ ಎಳೆ ಜರಿಗಿಡದ ಕುಡಿ, 'ಕೊಗೊಮಿ'. ಕೊಡಗಿನವರ ತೆರ್ಮೆ ಸೊಪ್ಪಿನ ಹತ್ತಿರದ್ದೇ. ಹೆಸರಿರಲಿಲ್ಲ, ಆದರೆ ದಾರದ ಗಂಟು ನೋಡಿ ಚರಂಡಿ ದಿನದ ಮುದುಕರಲ್ಲಿ ಒಬ್ಬರದ್ದು ಅಂತ ಗೊತ್ತಾಯಿತು. ಒಗ್ಗರಣೆ ಹಾಕಿ ಪಲ್ಯ ಮಾಡಿ ಒಂದು ಬಟ್ಟಲು ಕೊಟ್ಟುಬಂದೆ, ವಾರ ಬಿಟ್ಟಲ್ಲ, ಅವತ್ತೇ. ಅವರು ರುಚಿ ನೋಡಿ ಏನೂ ಹೇಳಲಿಲ್ಲ. ಸ್ನೋ ಡಂಪ್ ಎಲ್ಲಿಟ್ಟಿದ್ದೀಯ ಅಂತ ಕೇಳಿದರು. ಹೊರಗೇ ಇದೆ ಅಂದೆ. "ಒಳಗಿಡು. ಮೇಣ ಹಚ್ಚಿಡು, ಇಲ್ಲದಿದ್ದರೆ ಡಿಸೆಂಬರ್‌ನಲ್ಲಿ ಹಿಮ ಅಂಟಿಕೊಳ್ಳುತ್ತೆ" ಅಂದರು.