ತೋಟದ ತಿರುವಿನಲ್ಲಿ ನಿಂತು ರ‍್ಯಾಲಿ ನೋಡಿದ ಅನುಭವ

ಕೊಡಗಿನವರಿಗೆ ಮನೆಯ ಹತ್ತಿರ ನೋಡಸಿಗುವ ದೊಡ್ಡ ಮೋಟಾರ್ ಸ್ಪರ್ಧೆಯೆಂದರೆ ರ‍್ಯಾಲಿ. ಗ್ಯಾಲರಿಯಲ್ಲಿ ಕುಳಿತು, ಅದೇ ಕಾರುಗಳು ಹತ್ತಾರು ಸುತ್ತು ಬರುವುದನ್ನು ನೋಡುವ ಸರ್ಕ್ಯೂಟ್ ಇಲ್ಲಿಲ್ಲ. ಕಾಫಿ ತೋಟದೊಳಗಿನ ಮಣ್ಣು ರಸ್ತೆಯನ್ನು ಕೆಲವು ಗಂಟೆ ಮುಚ್ಚಿ, ಅದನ್ನೇ ‘ಸ್ಪೆಷಲ್ ಸ್ಟೇಜ್’ ಆಗಿ ಗುರುತಿಸಿ, ನಿಗದಿತ ಅಂತರದಲ್ಲಿ ಒಂದೊಂದೇ ಕಾರನ್ನು ಬಿಡುತ್ತಾರೆ. ಎಲ್ಲ ಸ್ಟೇಜ್‌ಗಳ ಸಮಯವನ್ನು ಕೂಡಿಸಿದಾಗ ಯಾರದು ಕಡಿಮೆಯೋ ಅವರು ಗೆದ್ದಂತೆ. ಹೀಗಾಗಿ ಪ್ರೇಕ್ಷಕನ ಪಾಲಿಗೆ ಪ್ರತಿ ಕಾರಿನಿಂದ ದಕ್ಕುವುದು ಕೆಲವೇ ಕ್ಷಣ. ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಶಿಪ್ ನಮ್ಮ ಕಡೆಗೆ ಬಂದಾಗಲೆಲ್ಲ ತಪ್ಪದೆ ಹೋಗುವ ನಾನು, ನಿಲ್ಲುವ ಜಾಗವನ್ನು ಆರಿಸುವುದಕ್ಕೇ ಹೆಚ್ಚು ಗಮನ ಕೊಡುತ್ತೇನೆ.

ನೇರ ದಾರಿಯಲ್ಲಿ ನಿಂತರೆ ವೇಗ ಕಾಣುತ್ತದೆಯೇ ಹೊರತು ಚಾಲನೆ ಕಾಣುವುದಿಲ್ಲ. ಇಳಿಜಾರಿನಲ್ಲಿ ಬಂದು, ಬ್ರೇಕ್ ಹಿಡಿದು, ಪೂರ್ತಿ ಹಿಂದಕ್ಕೆ ಹೊರಳಿ ಮತ್ತೆ ಏರಬೇಕಾದ ಹೇರ್‌ಪಿನ್ ತಿರುವೇ ನನ್ನ ಆಯ್ಕೆ. ಕಳೆದ ಸಲ ಅಮ್ಮತ್ತಿ ಕಡೆಯ ತೋಟವೊಂದರಲ್ಲಿ ಅಂಥ ತಿರುವು ಸಿಕ್ಕಿತು. ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ಅಲ್ಲಿನ ರೈಟರ್ ಹಿಂದಿನ ದಿನವೇ, “ರಸ್ತೆ ಮುಚ್ಚಿದ ಮೇಲೆ ನಾನು ಹೇಳಿದರೂ ಬಿಡುವುದಿಲ್ಲ ಸಾರ್, ಬೇಗ ಬಂದುಬಿಡಿ, ಆದರೆ ಕತ್ತಲಲ್ಲಿ ನಡೆದು ಬರಬೇಡಿ, ಆನೆ ಈ ಕಡೆಯೇ ಇದೆ” ಎಂದಿದ್ದರು. ಆದ್ದರಿಂದ ಭಾವ, ಅವರ ಮಗ ಮತ್ತು ನಾನು ಬೆಳಕು ಹರಿದ ಕೂಡಲೇ ಜೀಪಿನಲ್ಲಿ ಹೋಗಿ, ಅದನ್ನು ಕಾಫಿ ಒಣಗಿಸುವ ಕಣದ ಪಕ್ಕ ನಿಲ್ಲಿಸಿ, ತಿರುವಿನ ಒಳಬದಿಯಲ್ಲಿ ಎರಡಾಳು ಎತ್ತರವಿದ್ದ ಬರೆಯ (ಕಡಿದಾದ ಮಣ್ಣಿನ ದಿಬ್ಬದ) ಮೇಲೆ, ಅಂಚಿನಿಂದ ಸಾಕಷ್ಟು ಹಿಂದೆ ಸರಿದು ನಿಂತೆವು. ಮಳೆಗಾಲ ಕಳೆದ ಮೇಲೂ ನಮ್ಮ ಬರೆಗಳ ಅಂಚನ್ನು ನಂಬುವಂತಿಲ್ಲ.

ಹಿಡಿತ ತಪ್ಪಿದ ಕಾರು ಸಾಮಾನ್ಯವಾಗಿ ತಿರುವಿನ ಹೊರಬದಿಗೆ ಜಾರುತ್ತದೆ. ಒಳಬದಿಯಲ್ಲಿಯೂ ರಸ್ತೆಯ ಮಟ್ಟದಲ್ಲಿ ನಿಂತರೆ ಕ್ಷೇಮವಿಲ್ಲ. 1986ರ ಮಾರ್ಚ್‌ನಲ್ಲಿ ಪೋರ್ಚುಗಲ್ ರ‍್ಯಾಲಿಯಲ್ಲಿ ಫೋರ್ಡ್ ಆರ್‌ಎಸ್‌200 ಕಾರೊಂದು ಜನರ ಮೇಲೆ ನುಗ್ಗಿ ಮೂವರು ಪ್ರೇಕ್ಷಕರು ಸತ್ತರು, ಮೂವತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಆ ಕಾಲದ ಚಿತ್ರಗಳಲ್ಲಿ ಜನ ರಸ್ತೆಯ ಮಧ್ಯದಲ್ಲೇ ನಿಂತು, ಕಾರು ಹತ್ತಿರ ಬಂದಾಗ ಮಾತ್ರ ಸರಿಯುವುದು ಕಾಣುತ್ತದೆ. ಅದೇ ವರ್ಷದ ಮೇ ತಿಂಗಳಲ್ಲಿ ಕಾರ್ಸಿಕಾದ ಸ್ಪರ್ಧೆಯಲ್ಲಿ ಫಿನ್‌ಲೆಂಡ್‌ನ ಚಾಲಕ ಹೆನ್ರಿ ಟೊಯ್ವೊನೆನ್ ಮತ್ತು ಅವರ ಸಹಚಾಲಕ ತೀರಿಕೊಂಡ ಮೇಲೆ, ಇಂಥ ಅತಿ ಶಕ್ತಿಶಾಲಿ ‘ಗ್ರೂಪ್ ಬಿ’ ವರ್ಗದ ಕಾರುಗಳನ್ನೇ ಮುಂದಿನ ವರ್ಷದಿಂದ ನಿಷೇಧಿಸಲಾಯಿತು. ಫೋಟೋಗಾಗಿ ತಡೆಪಟ್ಟಿ ದಾಟಿ ಇಳಿಯುವ ಹುಡುಗರನ್ನು ಕಂಡಾಗ ಇದನ್ನು ಹೇಳದೆ ನನಗೆ ಸುಮ್ಮನಿರಲಾಗುವುದಿಲ್ಲ.

ಮೊದಲು ಬರುವುದು ಸ್ಪರ್ಧೆಯ ಕಾರಲ್ಲ. ‘00’, ‘0’ ಎಂಬ ಸಂಖ್ಯೆ ಹೊತ್ತ ಅಧಿಕಾರಿಗಳ ಕಾರುಗಳು ದಾರಿಯನ್ನು ಪರೀಕ್ಷಿಸುತ್ತ ಹಾದುಹೋಗುತ್ತವೆ. ಆಮೇಲೆ ಮಾತು ನಿಲ್ಲಿಸಿ ಕಿವಿಗೊಡಬೇಕು. ಕಣಿವೆಯ ಆಚೆ ಬದಿಯಲ್ಲಿ ಗೇರ್ ಇಳಿಸಿದ ಸದ್ದು ಸಿಲ್ವರ್ ಓಕ್ ಮರಗಳ ನಡುವಿನಿಂದ ಕೇಳಿದರೆ, ಕಾರು ನಮ್ಮ ತಿರುವಿಗೆ ಯಾವಾಗ ಬಂದೀತೆಂದು ಅಂದಾಜು ಸಿಗುತ್ತದೆ.

ಆ ದಿನ ನಾನು ಹೆಚ್ಚು ಗಮನಿಸಿದ್ದು ಪೋಲೊ ಕಾರುಗಳನ್ನು. ಮುಂದಿನ ಚಕ್ರಗಳಿಗೆ ಮಾತ್ರ ಶಕ್ತಿ ಹೋಗುವ ಕಾರು ಅದು. ಚಾಲಕ ತಿರುವಿನ ಬಾಯಿಗೆ ಬಂದು ಮೂತಿಯನ್ನು ಒಳಕ್ಕೆ ತಿರುಗಿಸಿ ಹ್ಯಾಂಡ್‌ಬ್ರೇಕ್ ಎಳೆದಾಗ ಹಿಂಭಾಗ ಸುತ್ತಿ ಬರುತ್ತದೆ. ಬ್ರೇಕ್ ಬಿಟ್ಟೊಡನೆ ಮುಂದಿನ ಚಕ್ರಗಳು ಮಣ್ಣು ಕೆರೆಯುತ್ತ ಕಾರನ್ನು ಏರಿಗೆ ಎಳೆದೊಯ್ಯುತ್ತವೆ. ಇಷ್ಟೆಲ್ಲ ನಡೆಯುವಾಗ ಪಕ್ಕದ ಸಹಚಾಲಕ ತಲೆ ತಗ್ಗಿಸಿ ಪುಸ್ತಕ ಓದುತ್ತಿರುತ್ತಾನೆ. ಮೊದಲೇ ಆ ದಾರಿಯಲ್ಲಿ ನಿಧಾನವಾಗಿ ಸಾಗಿ ಬರೆದುಕೊಂಡ ‘ಪೇಸ್ ನೋಟ್ಸ್’ ಅದು. ನಮ್ಮ ತಿರುವು ಇನ್ನೂ ಮುಗಿದಿರದಿದ್ದರೂ ಅವನು ಹೇಳುತ್ತಿರುವುದು ಮುಂದಿನದನ್ನು. ರಾಷ್ಟ್ರೀಯ ಚಾಂಪಿಯನ್ ಚಾಲಕ ಗೌರವ್ ಗಿಲ್ ಅವರ ಪಕ್ಕದಲ್ಲಿ ಕುಳಿತು ಹಲವು ಗೆಲುವುಗಳನ್ನು ಕಂಡ ಸಹಚಾಲಕ ಮೂಸಾ ಶರೀಫ್ ನಮ್ಮ ನೆರೆಯ ಕಾಸರಗೋಡಿನವರು ಎಂಬುದು ನನಗೆ ಹೆಮ್ಮೆಯ ವಿಷಯ. ಮಾರುತಿ ಜಿಪ್ಸಿಗಳದು ಬೇರೆಯೇ ರೀತಿ: ಲೀಫ್ ಸ್ಪ್ರಿಂಗ್ ಇರುವುದರಿಂದ ಗುಂಡಿ ಸಿಕ್ಕಿದಲ್ಲೆಲ್ಲ ಅವುಗಳ ಹಿಂಭಾಗ ಎಗರುತ್ತದೆ.

ಒಂದೇ ಕಡೆ ನಿಂತರೆ ರಸ್ತೆ ಬದಲಾಗುವುದೂ ಕಾಣುತ್ತದೆ. ಮೊದಲ ಕಾರುಗಳು ಸಡಿಲ ಜಲ್ಲಿಯನ್ನು ಅಂಚಿಗೆ ತಳ್ಳಿದವು, ಕೆಳಗಿನ ಗಟ್ಟಿ ಕೆಂಪುನೆಲ ಹೊರಬಂತು. ಮುಂದೆ ಅದರಲ್ಲೇ ಚಕ್ರದ ಜಾಡು ಆಳವಾಗುತ್ತ ಹೋಯಿತು. ಮಧ್ಯಾಹ್ನ ಅದೇ ಸ್ಟೇಜ್ ಮತ್ತೆ ನಡೆದಾಗ ಹೆಚ್ಚಿನವರು ಜಾಡಿನಲ್ಲೇ ಕುಲುಕುತ್ತ ಹೋದರೆ, ಒಬ್ಬ ಚಾಲಕ ಮಾತ್ರ ಒಳಬದಿಯ ಚಕ್ರವನ್ನು ಜಾಡಿನಿಂದ ಹೊರಗೆ, ಚರಂಡಿಯ ಅಂಚಿಗೆ ಒತ್ತಿ ಸಾಗಿಸಿ, ಕುಲುಕದೆ ಏರಿಹೋದ. ಅಷ್ಟನ್ನು ನೋಡಲಿಕ್ಕಾಗಿಯೇ ಬೆಳಗ್ಗೆಯಿಂದ ಅಲ್ಲಿ ನಿಂತದ್ದು ಸಾರ್ಥಕವೆನಿಸಿತು.

ಅವನ ಹಿಂದೆ ಬಂದ ಕಾರೊಂದು ಜಾರಿ ಚರಂಡಿಗೆ ಇಳಿಯಿತು. ಎತ್ತಲು ಓಡಹೊರಟ ಹುಡುಗರನ್ನು ಮಾರ್ಷಲ್ ಸೀಟಿ ಊದಿ ತಡೆದರು, ಏಕೆಂದರೆ ಮುಂದಿನ ಕಾರು ಅಷ್ಟರಲ್ಲೇ ಹೊರಟಾಗಿತ್ತು. ಸಹಚಾಲಕ ಇಳಿದು, ಕೆಂಪು ತ್ರಿಕೋನವನ್ನು ಹಿಂದೆ ಇಟ್ಟು, ‘ಓಕೆ’ ಫಲಕವನ್ನು ಎತ್ತಿ ಹಿಡಿದ. ಯಾರಿಗೂ ಪೆಟ್ಟಾಗಿಲ್ಲ, ನಿಲ್ಲಿಸಬೇಕಾಗಿಲ್ಲ ಎಂದು ಹಿಂದಿನವರಿಗೆ ತಿಳಿಸುವ ಕ್ರಮವದು.

ಕೊನೆಯ ಕಾರಿನ ಹಿಂದೆ, ಸ್ಟೇಜ್ ಮುಗಿಯಿತೆಂದು ತೋರಿಸುವ ಸ್ವೀಪರ್ ವಾಹನ ಹೋದ ಮೇಲೆಯೇ ನಾವು ಇಳಿದು, ಕಾರುಗಳನ್ನು ರಿಪೇರಿ ಮಾಡುವ ಸರ್ವಿಸ್ ಪಾರ್ಕ್‌ಗೆ ಹೋದೆವು. ಅಲ್ಲಿ ಮೆಕ್ಯಾನಿಕ್‌ಗಳಿಗೂ ಗಡಿಯಾರವೇ ಯಜಮಾನ. ಸಮಯ ನಿಯಂತ್ರಣ ಕೇಂದ್ರಕ್ಕೆ ತಡವಾಗಿ ಬಂದರೆ ನಿಮಿಷಕ್ಕೆ 10 ಸೆಕೆಂಡ್ ದಂಡ. ಬೇಗ ಬಂದರೆ ದಂಡ ಇನ್ನೂ ಹೆಚ್ಚು, ನಿಮಿಷಕ್ಕೆ ಒಂದು ನಿಮಿಷ. “ಬೇಗ ಬಂದರೂ ತಪ್ಪಾ ಮಾವ?” ಎಂದು ಭಾವನ ಮಗ ಕೇಳಿದ. ಸ್ಟೇಜಿನಾಚೆಯ ಸಾಮಾನ್ಯ ರಸ್ತೆಯಲ್ಲಿ, ಶಾಲೆಯ ಮಕ್ಕಳೂ ಬಸ್ಸುಗಳೂ ಓಡಾಡುವಲ್ಲಿ, ಯಾರೂ ವೇಗವಾಗಿ ಓಡಿಸಬಾರದೆಂದೇ ಆ ನಿಯಮ ಎಂದೆ. ಫಲಕದಲ್ಲಿ ಸ್ಟೇಜ್ ಸಮಯ ಅಂಟಿಸಿದಾಗ ಅವನು ಮೊದಲು ಹುಡುಕಿದ್ದು ಚರಂಡಿಯ ಅಂಚಿನಲ್ಲಿ ಹೋದವನ ಸಂಖ್ಯೆಯನ್ನು. ತಾಂತ್ರಿಕ ತಪಾಸಣೆ ಮುಗಿಯುವವರೆಗೆ ಅದು ತಾತ್ಕಾಲಿಕ ಫಲಿತಾಂಶವೆಂದು ತಿಳಿದ ಮೇಲೆ, ಅಂತಿಮ ಪಟ್ಟಿ ಬರುವವರೆಗೂ ಅಲ್ಲಿಂದ ಕದಲಲು ಒಪ್ಪಲಿಲ್ಲ.