ಪದರದ ಮೇಲಂಚನ್ನು ನೋಡಲು ಕಲಿತದ್ದು

ತೈಲ, ಅನಿಲ ಹುಡುಕಲು ಕೊರೆದ ಬಾವಿಯಿಂದ ತೆಗೆದ ಕಲ್ಲಿನ ಕೋರ್, ಅಂದರೆ ಕಂಬದಂಥ ಉದ್ದನೆಯ ತುಂಡಿನ ಮುಂದೆ ನಿಂತಾಗ ನಾನು ಮೊದಲು ಮಾಡುವ ಕೆಲಸ ಅದನ್ನು ಒದ್ದೆ ಮಾಡುವುದು. ಉದ್ದಕ್ಕೆ ಸೀಳಿದ ಕಲ್ಲಿಗೆ ಸ್ಪಂಜಿನಿಂದ ನೀರು ಸವರಿದರೆ, ಒಣಗಿದ್ದಾಗ ಬರೀ ಬೂದುಬಣ್ಣವಾಗಿ ಕಂಡದ್ದು ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ನೀರು ಆರುವುದರೊಳಗೆ ಮಸೂರ ಹಿಡಿದು ನೋಡಿಬಿಡಬೇಕು.

ಮೊದಲ ವರ್ಷಗಳಲ್ಲಿ ನನ್ನ ಕಣ್ಣು ಪದರದ ತಳದ ಮೇಲೆಯೇ ಇರುತ್ತಿತ್ತು. ಆಳಸಮುದ್ರದ ಮರಳೆಂದರೆ ಟರ್ಬಿಡೈಟ್, ಕೆಸರಿನ ಹರಿವು ಬಿಟ್ಟುಹೋದ ಪದರ ಎಂದು ಕಲಿತಿದ್ದೆ: ಕೆಸರುನೀರು ಇಳಿಜಾರಿನಲ್ಲಿ ಧುಮುಕಿ ತಳವನ್ನು ಕೆರೆಯುತ್ತದೆ, ವೇಗ ತಗ್ಗಿದಂತೆ ಮೊದಲು ದಪ್ಪ ಕಣ, ಆಮೇಲೆ ಸಣ್ಣ ಕಣ, ಕೊನೆಗೆ ಜೇಡಿ ಕೂರುತ್ತದೆ. ಭೂವಿಜ್ಞಾನಿ ಬೌಮಾ 1962ರಲ್ಲಿ ವಿವರಿಸಿದ ಈ ಕ್ರಮ ನನಗೆ ಬಾಯಿಪಾಠವಾಗಿತ್ತು. 1929ರಲ್ಲಿ ಕೆನಡಾದ ಪೂರ್ವ ಕರಾವಳಿಯಾಚೆ ನಡೆದ ಗ್ರ್ಯಾಂಡ್ ಬ್ಯಾಂಕ್ಸ್ ಭೂಕಂಪದ ನಂತರ ಅಟ್ಲಾಂಟಿಕ್ ತಳದ ಟೆಲಿಗ್ರಾಫ್ ಕೇಬಲ್‌ಗಳು ಇಂಥದೇ ಹರಿವಿಗೆ ಸಿಕ್ಕಿ ಒಂದರ ಹಿಂದೊಂದು ತುಂಡಾದ ಕಥೆಯನ್ನೂ ಓದಿದ್ದೆ. ಅಂಥ ಶಕ್ತಿಯ ಮುಂದೆ ಬೇರೆ ಯಾವ ಹರಿವೂ ನನಗೆ ಲೆಕ್ಕಕ್ಕೆ ಬರಲಿಲ್ಲ.

ಹಾಗಿರುವಾಗ ಒಂದು ಕೋರ್ ಬಂತು. ಮೂರು ನಾಲ್ಕು ಸೆಂಟಿಮೀಟರ್ ದಪ್ಪದ ಶುಭ್ರ ಮರಳುಪದರಗಳು, ನಡುನಡುವೆ ಜೇಡಿ. ಬಹುಪಾಲು ಮರಳುಪದರಗಳ ಮೇಲಂಚು ಚಾಕುವಿನಿಂದ ಕತ್ತರಿಸಿದಂತೆ ನಿಂತಿತ್ತು. ಸಣ್ಣ ಕಣಗಳಿಗೆ ನಿಧಾನವಾಗಿ ಜಾರುವುದು ಎಲ್ಲೂ ಇರಲಿಲ್ಲ. ನಾನು ‘ಮೇಲ್ಭಾಗ ಸವೆದಿದೆ’ ಎಂದು ಬರೆದು ಮುಂದೆ ಹೋದೆ. ಅದೇ ಟಿಪ್ಪಣಿಯನ್ನು ನಂಬಿ ನಕ್ಷೆಯಲ್ಲಿ ಮರಳನ್ನು ಇಳಿಜಾರಿನ ಕೆಳಕ್ಕೆ ನೇರವಾಗಿ ಎಳೆದೆವು. ಆ ಗೆರೆಯ ಮೇಲೆ ಕೊರೆದ ಎರಡನೆಯ ಬಾವಿಯಲ್ಲಿ ಸಿಕ್ಕಿದ್ದು ಹೆಚ್ಚಾಗಿ ಜೇಡಿ.

ಹಿರಿಯ ಸಹೋದ್ಯೋಗಿಯೊಬ್ಬರು ನನ್ನನ್ನು ಮತ್ತೆ ಅದೇ ಪೆಟ್ಟಿಗೆಗಳ ಮುಂದೆ ಕರೆದೊಯ್ದರು. “ಒಂದು ಪದರ ಸವೆದಿರಬಹುದು. ಇಷ್ಟೊಂದು ಪದರಗಳು ಹೀಗೇ ಸವೆಯಲು ಏನು ಕಾರಣ, ಯೋಚಿಸಿದ್ದೀರಾ?” ಎಂದು ಕೇಳಿದರು. ಎರಡು ದಿನ ಕೂತು ಮೊದಲಿನಿಂದ ಬರೆದೆ. ಪುಟ್ಟ ಅಲೆಗುರುತುಗಳ ತಗ್ಗಿನಲ್ಲಿ ಕೂದಲೆಳೆಯಷ್ಟು ಜೇಡಿ ಕೂತಿತ್ತು. ಕೆಲವು ಪದರಗಳಲ್ಲಿ ಕಣ ಮೇಲಕ್ಕೆ ಹೋದಂತೆ ದಪ್ಪವಾಗುತ್ತಿತ್ತು. ಬಾವಿಯ ಗೋಡೆಯ ಚಿತ್ರಗಳನ್ನು ಪಕ್ಕಕ್ಕಿಟ್ಟು ನೋಡಿದರೆ ಅಲೆಗುರುತುಗಳು ತೋರಿಸಿದ ದಿಕ್ಕು ಇಳಿಜಾರಿಗೆ ಅಡ್ಡ.

ಅದು ತಳಪ್ರವಾಹದ ಕೆಲಸ. ತಣ್ಣಗಿನ ಅಥವಾ ಹೆಚ್ಚು ಉಪ್ಪಿನ ಭಾರವಾದ ನೀರು ಕೆಳಗಿಳಿದು, ಭೂಮಿಯ ತಿರುಗುವಿಕೆಯಿಂದ ಓರೆಯಾಗಿ, ಇಳಿಜಾರಿನ ಮೈಯನ್ನು ತಬ್ಬಿಕೊಂಡು ಅಡ್ಡಡ್ಡ ಹರಿಯುತ್ತದೆ. ಕೆಸರಿನ ಹರಿವು ಗಂಟೆಗಳಲ್ಲಿ, ಹೆಚ್ಚೆಂದರೆ ದಿನಗಳಲ್ಲಿ ಮುಗಿದರೆ ಇದು ಸಾವಿರಾರು ವರ್ಷ ಬಿಡದೆ ದುಡಿಯುತ್ತದೆ. ಸಾಗರತಳ ಅಧ್ಯಯನ ಮಾಡಿದ ವಿಜ್ಞಾನಿಗಳಾದ ಹೀಜನ್, ಹಾಲಿಸ್ಟರ್, ರಡ್ಡಿಮನ್ 1966ರಲ್ಲೇ ಇದನ್ನು ಹೇಳಿದ್ದರು. ಜಿಬ್ರಾಲ್ಟರ್ ಜಲಸಂಧಿ ದಾಟಿ ಬರುವ ಮೆಡಿಟರೇನಿಯನ್ ನೀರು ಸ್ಪೇನ್‌ನ ನೈಋತ್ಯಕ್ಕಿರುವ ಕ್ಯಾಡಿಜ್ ಕೊಲ್ಲಿಯಲ್ಲಿ ಜಲಸಂಧಿಯ ಹತ್ತಿರ ಮರಳನ್ನೂ, ದೂರ ಹೋಗಿ ವೇಗ ತಗ್ಗಿದಂತೆ ಜೇಡಿಯ ದೊಡ್ಡ ದಿಬ್ಬಗಳನ್ನೂ ಕಟ್ಟಿದೆ. 2011–12ರಲ್ಲಿ ಸಮಗ್ರ ಸಾಗರ ಕೊರೆತ ಕಾರ್ಯಕ್ರಮದ (ಐಒಡಿಪಿ) 339ನೇ ಯಾನ ಅಲ್ಲಿಗೇ ಹೋಗಿತ್ತು.

ತೈಲ, ಅನಿಲ ಹುಡುಕುವವರಿಗೆ ಈ ಎರಡು ಹರಿವುಗಳ ಕೂಡಾಟ ತುಂಬಾ ಮುಖ್ಯ. ಕೆಸರಿನ ಹರಿವು ಮರಳನ್ನು ತಂದು ಹಾಕುತ್ತದೆ. ತಳಪ್ರವಾಹ ಅದನ್ನು ಮೊರದಲ್ಲಿ ಕೇರಿದಂತೆ ಕೇರಿ ಜೇಡಿಯನ್ನು ಪಕ್ಕಕ್ಕೆ ಒಯ್ಯುತ್ತದೆ. ಉಳಿದ ಮರಳಿನ ಕಣಗಳ ನಡುವೆ ಅನಿಲಕ್ಕೆ ಜಾಗವೂ ದಾರಿಯೂ ಇರುತ್ತದೆ. ಮೊಜಾಂಬಿಕ್‌ನ ಕರಾವಳಿಯಾಚೆ, ಮರಳು-ಜೇಡಿ ತುಂಬಿಕೊಂಡ ರೊವುಮಾ ತಗ್ಗಿನ ಅನಿಲ ನಿಕ್ಷೇಪಗಳಲ್ಲಿ ಈ ಜೋಡಿಕೆಲಸ ಎದ್ದು ಕಾಣುತ್ತದೆ: ಸಮುದ್ರತಳದ ಕಾಲುವೆಯಲ್ಲಿ ಶುಭ್ರ ಮರಳು, ಅದರ ಒಂದೇ ಮಗ್ಗುಲಿಗೆ ಜೇಡಿಯ ದಿಬ್ಬ. ಆದರೆ ಕೂದಲೆಳೆಯ ಜೇಡಿಯನ್ನು ಹಗುರವಾಗಿ ಕಾಣಬಾರದು. ಅಡ್ಡಕ್ಕೆ ಸಲೀಸಾಗಿ ಹರಿಯುವ ತೈಲವನ್ನು ಮೇಲಕ್ಕೆ ಏರದಂತೆ ತಡೆಯುವುದು ಅದೇ.

ಈಗ ನನ್ನ ಟಿಪ್ಪಣಿ ಹಾಳೆಯಲ್ಲಿ ಮೇಲಂಚಿಗೇ ಬೇರೆ ಕಾಲಂ ಇದೆ. ಚೂಪಾದ ಮೇಲಂಚು ಒಂದನ್ನೇ ಕಂಡು ತೀರ್ಪು ಕೊಡುವುದಿಲ್ಲ. ಕಣಗಳ ಕ್ರಮ, ಅಲೆಗುರುತಿನ ದಿಕ್ಕು, ಕಂಪನದ ಅಲೆಗಳಿಂದ ನೆಲದಡಿಯನ್ನು ತೋರಿಸುವ ಸೈಸ್ಮಿಕ್ ಚಿತ್ರದಲ್ಲಿ ದಿಬ್ಬದ ಆಕಾರ ಕೂಡಿಬರುವವರೆಗೆ ಆ ಜಾಗವನ್ನು ಪೆನ್ಸಿಲ್‌ನಲ್ಲೇ ಬಿಡುತ್ತೇನೆ. ಅಂದು ನಕ್ಷೆಯನ್ನು ಅಡ್ಡಕ್ಕೆ ತಿರುಗಿಸಿ ಬರೆದ ಮೇಲೆ ಕೊರೆದ ಮೂರನೆಯ ಬಾವಿಯಲ್ಲಿ ಮರಳು ಸಿಕ್ಕಿತು, ನಾವು ಎಣಿಸಿದ್ದಕ್ಕಿಂತ ತೆಳುವಾಗಿ.